ಅರಿಶಿನಕ್ಕೂ ಒಂದು ಮರ್ಯಾದೆ

ನಮ್ಮ ಮನೆಯಲ್ಲಿ ಈಚೆಗೆ ತಿನ್ನುವ ಪದಾರ್ಥಗಳೆಲ್ಲ ಅಡುಗೆಮನೆ ಬಿಟ್ಟು ಬಚ್ಚಲುಮನೆಯಲ್ಲಿ ಸಂಸಾರ ಹೂಡಿವೆ. ಮಗಳ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಅಕ್ಕಿ ತೊಳೆದ ನೀರಿದೆ, ಸೌತೆಕಾಯಿ ಇದೆ, ಪಪ್ಪಾಯಿ, ಕಾಫಿಪುಡಿ, ಜೇನುತುಪ್ಪ, ಬಾದಾಮಿ, ಕೇಸರಿ, ಅರಿಶಿನ ಎಲ್ಲವೂ ಇವೆ. ಯಾವುದೂ ಹುಟ್ಟಿದ ರೂಪದಲ್ಲಿಲ್ಲ. ಕೆಲವು ಟ್ಯೂಬಿನೊಳಗೆ, ಕೆಲವು ತೊಟ್ಟು ತೊಟ್ಟಾಗಿ ಬೀಳುವ ಗಾಜಿನ ಸೀಸೆಯೊಳಗೆ. ಅಡುಗೆಮನೆಗೆ ಮಾತ್ರ ರಾತ್ರಿಯ ಊಟ ಪಾರ್ಸೆಲ್ಲಿನಲ್ಲಿ ಬರುತ್ತದೆ. ನಮ್ಮ ಯಜಮಾನರು ಹಸಿವಾದಾಗಲೆಲ್ಲ, “ಇರು, ಬಚ್ಚಲಿಗೆ ಹೋಗಿ ಏನಾದರೂ ಸಿಗುತ್ತಾ ನೋಡ್ಕೊಂಡು ಬರ್ತೀನಿ” ಎನ್ನುತ್ತಾರೆ.

ಮಗಳನ್ನು ದೂರುವ ಹಾಗಿಲ್ಲ. ಕಡ್ಲೆಹಿಟ್ಟು, ಹೆಸರುಹಿಟ್ಟು, ಹಾಲಿನ ಕೆನೆಗಳು ನಮ್ಮ ಕಾಲದಲ್ಲೂ ಬಚ್ಚಲಿನ ದಾರಿ ಹಿಡಿಯುತ್ತಿದ್ದವು. ಆದರೆ ಅವಕ್ಕೆ ಹಿಂದಿರುಗುವ ದಾರಿಯೂ ಗೊತ್ತಿತ್ತು. ಮಿಕ್ಕ ಕಡ್ಲೆಹಿಟ್ಟು ಸಂಜೆಗೆ ಬಜ್ಜಿಯಾಗುತ್ತಿತ್ತು. ಈಗಿನ ಸೀಸೆಗಳಿಂದ ಬಜ್ಜಿ ಆಗುವುದಿಲ್ಲ, ಅಷ್ಟೇ.

ದೇಹದ ಅಂಗಗಳಲ್ಲಿ ಚರ್ಮಕ್ಕೆ ಸಿಗುವಷ್ಟು ಪುಕ್ಕಟೆ ಸಲಹೆ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನಿಮ್ಮ ಪಿತ್ತಕೋಶದ ಯೋಗಕ್ಷೇಮ ವಿಚಾರಿಸುವುದಿಲ್ಲ. ಕೆನ್ನೆಯ ಮೇಲೆ ಒಂದು ಮೊಡವೆ ಇರಲಿ, ನಿಮ್ಮ ಸ್ಟಾಪು ಬರುವುದರೊಳಗೆ ಮೂರು ಮದ್ದು ಕೈಗೆ ಬಂದಿರುತ್ತವೆ. ಒಬ್ಬರು ಜಾಯಿಕಾಯಿ ತೇಯ್ದು ಹಚ್ಚಿ ಎನ್ನುತ್ತಾರೆ. ಇನ್ನೊಬ್ಬರು ಲೋಳೆಸರ. ಹಿಂದಿನ ಸೀಟಿನಿಂದ ಮೂರನೆಯವರು ಬಗ್ಗಿ, “ಹೊರಗೆ ಹಚ್ಚಿ ಏನುಪಯೋಗ ಕಣಮ್ಮ, ಮೊದಲು ಹೊಟ್ಟೆ ಸರಿ ಮಾಡ್ಕೊ” ಎನ್ನುತ್ತಾರೆ. ಮೂವರಲ್ಲಿ ಶಾಸ್ತ್ರಕ್ಕೆ ಹತ್ತಿರವಿರುವವರು ಈ ಕೊನೆಯವರೇ. ಚರ್ಮದ ಬೇನೆಗೆ ಆಯುರ್ವೇದ ಲೇಪಕ್ಕಿಂತ ಮುಂಚೆ ಹೊಟ್ಟೆಯನ್ನೂ ರಕ್ತವನ್ನೂ ವಿಚಾರಿಸಿಕೊಳ್ಳುತ್ತದೆ. ವಾಂತಿ ಭೇದಿ ಮಾಡಿಸುವುದು ಅಲ್ಲಿ ದಂಡನೆಯಲ್ಲ, ಚಿಕಿತ್ಸೆ. ಸೌಂದರ್ಯದ ಜಾಹೀರಾತುಗಳು ಈ ಭಾಗವನ್ನು ಯಾಕೋ ಬಳಸಿಕೊಂಡಿಲ್ಲ.

ಹಳೆಯ ವೈದ್ಯರು ಚರ್ಮವನ್ನು ಎಷ್ಟು ಹತ್ತಿರದಿಂದ ನೋಡಿದ್ದರು ಎಂಬುದಕ್ಕೆ ಸುಶ್ರುತಸಂಹಿತೆ ಸಾಕು. ಕಾಯುತ್ತಿರುವ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಗರ್ಭದಲ್ಲಿ ಚರ್ಮದ ಏಳು ಪದರಗಳು ಕಟ್ಟುತ್ತವೆ ಎಂದು ಅದು ಹೇಳುತ್ತದೆ. ಎಲ್ಲಕ್ಕಿಂತ ಮೇಲಿನದು ಅವಭಾಸಿನಿ, ಬಣ್ಣವನ್ನು ತೋರಿಸುವ ಪದರ. ಅದರ ದಪ್ಪ ಒಂದು ಭತ್ತದ ಕಾಳಿನ 18ನೆಯ ಒಂದು ಪಾಲು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಭತ್ತದ ಕಾಳನ್ನು ಅಳತೆಗೋಲು ಮಾಡಿಕೊಂಡು ಕೂತವರ ತಾಳ್ಮೆಯನ್ನು ನೆನೆದರೆ, ಮುಖಕ್ಕೆ ಲೇಪ ಹಚ್ಚಿಕೊಂಡು ಹದಿನೈದು ನಿಮಿಷ ಸುಮ್ಮನಿರಲಾರದ ನಮ್ಮ ಮೇಲೆ ನಮಗೇ ಮರುಕ ಹುಟ್ಟುತ್ತದೆ.

ಚರಕಸಂಹಿತೆಯದು ಇನ್ನೊಂದು ಬಗೆಯ ಶಿಸ್ತು. ಅದರ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಮದ್ದುಗಳನ್ನು ಕೆಲಸದ ಪ್ರಕಾರ 50 ಗುಂಪು ಮಾಡಿ, ಗುಂಪಿಗೆ ಹತ್ತರಂತೆ ಹಂಚಿದ್ದಾರೆ. ಚರ್ಮದ ಪಾಲಿಗೆ ಮುಖ್ಯವಾಗಿ ಮೂರು ಗುಂಪು: ಮೈಬಣ್ಣಕ್ಕೆ ಹಿತವಾದ ವರ್ಣ್ಯ, ಚರ್ಮರೋಗ ಕಳೆಯುವ ಕುಷ್ಠಘ್ನ, ತುರಿಕೆ ನಿಲ್ಲಿಸುವ ಕಂಡೂಘ್ನ. ಈ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಊರೊಳಗೆ ಹೊರಟರೆ ಅರ್ಧಕ್ಕರ್ಧ ಹೆಸರು ಪರಿಚಯದವೇ. ಶ್ರೀಗಂಧ, ಲಾವಂಚ, ಜೇಷ್ಠಮಧು. ಬಟ್ಟೆಗೆ ಕೆಂಪು ಬಣ್ಣ ಕೊಡುತ್ತಿದ್ದ ಮಂಜಿಷ್ಠದ ಬೇರು. ಬೇಸಿಗೆಯಲ್ಲಿ ಪಾನಕ ಮಾಡುವ ಸೊಗದೆಬೇರು. ದಾರಿ ಬದಿಯಲ್ಲಿ ಹಳದಿ ಹೂಗೊಂಚಲು ಇಳಿಬಿಟ್ಟ ಕಕ್ಕೆಮರ. ಯುಗಾದಿಯ ಬೇವು. ನೆಲ್ಲಿಕಾಯಿ, ಸಾಸಿವೆ, ಅರಿಶಿನ. ನಾನು ಒಮ್ಮೆ ಗ್ರಂಧಿಗೆ ಅಂಗಡಿಯಲ್ಲಿ ಇಂಥದೊಂದು ಚೀಟಿ ಕೊಟ್ಟಾಗ ಅಂಗಡಿಯ ಹಿರಿಯರು ಕನ್ನಡಕ ಮೇಲೇರಿಸಿ, “ಇದರಲ್ಲಿ ಅರ್ಧ ನಿಮ್ಮನೆ ಸುತ್ತ ಇರುತ್ತಲ್ಲಮ್ಮ, ದುಡ್ಡು ಯಾಕೆ ಕೊಡ್ತೀರಿ?” ಎಂದರು. ವ್ಯಾಪಾರಿಯ ಬಾಯಲ್ಲಿ ಬರಬಾರದ ಮಾತು. ಆದರೆ ಅವರು ಅಷ್ಟಕ್ಕೇ ನಿಲ್ಲದೆ, ಚೀಟಿಯ ಎರಡು ಹೆಸರುಗಳ ಮೇಲೆ ಬೆರಳಿಟ್ಟು, “ಇವೆರಡನ್ನ ಮಾತ್ರ ಕೊಡಲ್ಲ. ವೈದ್ಯರನ್ನ ಕರ್ಕೊಂಡು ಬನ್ನಿ” ಎಂದರು.

ಆ ಎರಡು ಯಾವುವು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅರಿಶಿನ, ಯಾವ ಶುಭಕಾರ್ಯಕ್ಕೂ ಮೊದಲು ಬರುವುದು ಅದೇ.

ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನೊಡನೆ ಬೆರೆಯಲು ಒಲ್ಲದು, ಜಿಡ್ಡಿನೊಡನೆ ಸಲೀಸಾಗಿ ಬೆರೆಯುತ್ತದೆ. ಹಾಲಿನ ಕೆನೆಯಲ್ಲೋ ಎಣ್ಣೆಯಲ್ಲೋ ಕಲಸಿ ಹಚ್ಚುವ ರೂಢಿಯ ಹಿಂದೆ ಈ ಒಡನಾಟವಿದೆ. ಸುಣ್ಣ ತಾಗಿದರೆ ಅರಿಶಿನ ಕೆಂಪೇರುತ್ತದೆ. ಆರತಿ ತಟ್ಟೆಯ ಕೆಂಪು ನೀರು, ಹಳೆಯ ಕ್ರಮದ ಕುಂಕುಮ ಎರಡೂ ಹುಟ್ಟಿದ್ದು ಈ ಗುಣದಿಂದ. ಬಿಳಿ ಪಂಚೆಗೆ ಬಿದ್ದ ಹುಳಿಯ ಕಲೆ ಸೋಪು ಸೋಕಿದ ಕೂಡಲೇ ರಕ್ತದ ಕಲೆಯಂತೆ ಕಂಡು ಹೊಸ ಗೃಹಿಣಿಯರನ್ನು ಹೆದರಿಸುವುದೂ ಇದರಿಂದಲೇ, ಸೋಪಿನಲ್ಲಿ ಕ್ಷಾರವಿದೆ. ಆ ಕಲೆಗೆ ಮದ್ದು ಬಿಸಿಲು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಮದುವೆಯ ಅರಿಶಿನ ಶಾಸ್ತ್ರದಲ್ಲಿ ಹಳದಿಯಲ್ಲಿ ಮುಳುಗಿ ಎದ್ದ ಮದುಮಗ ಎರಡು ದಿನದಲ್ಲಿ ಹಳೆಯ ಬಣ್ಣಕ್ಕೆ ಮರಳುವುದು ಎಲ್ಲರೂ ಕಂಡದ್ದೇ.

ಈ ಅರಿಶಿನಕ್ಕಾಗಿ ಒಮ್ಮೆ ದೇಶವೇ ಕೋರ್ಟುಕಚೇರಿಯಂಥ ಜಗಳಕ್ಕೆ ಇಳಿಯಿತು. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಶಿನ ಬಳಸುವುದರ ಮೇಲೆ ಪೇಟೆಂಟ್ ಸಿಕ್ಕಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ, ಹಳೆಯ ಗ್ರಂಥಗಳನ್ನೂ 1953ರಷ್ಟು ಹಿಂದೆಯೇ ಭಾರತದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿದ್ದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಮೊಣಕಾಲು ತರಚಿಕೊಂಡು ಬಂದ ಮಗುವಿಗೆ ಅರಿಶಿನ ಮೆತ್ತಿದ ಕೋಟ್ಯಂತರ ಅಜ್ಜಿಯರ ಸಾಕ್ಷಿ ಅಲ್ಲಿ ನಡೆಯಲಿಲ್ಲ, ಅಚ್ಚಾದ ಕಾಗದ ಬೇಕಾಯಿತು. ಅಜ್ಜಿಯರು ಬರೆದಿಡಲಿಲ್ಲ ಎಂದು ಬೈಯಬೇಡಿ. ಅವರ ಎರಡೂ ಕೈ ಅರಿಶಿನವಾಗಿತ್ತು.

ನನ್ನ ಸೋದರತ್ತೆಯ ಎಣ್ಣೆನೀರಿನ ಕಾರ್ಯಕ್ರಮವೂ ಎಲ್ಲೂ ಬರೆದಿಟ್ಟದ್ದಲ್ಲ. ಹಂಡೆಯ ನೀರು ಕುದಿ ಬರುವ ಹೊತ್ತಿಗೆ ಮಕ್ಕಳನ್ನೆಲ್ಲ ಸಾಲಾಗಿ ಮಣೆಯ ಮೇಲೆ ಕೂರಿಸಿ, ನೆತ್ತಿಗೆ, ಕಿವಿಗೆ, ಅಂಗಾಲಿಗೆ ಮರೆಯದೆ ಎಣ್ಣೆ ತಿಕ್ಕುತ್ತಿದ್ದರು. ಆಮೇಲೆ ಸೀಗೆಪುಡಿ. ಮಳೆಗಾಲದಲ್ಲಿ ಮತ್ತಿಸೊಪ್ಪನ್ನೋ ದಾಸವಾಳದ ಎಲೆಯನ್ನೋ ಕಿವುಚಿ ತೆಗೆದ ಗಂಪು. ಕಣ್ಣಿಗೆ ಸೀಗೆ ಹೋದವರ ಆಕ್ರಂದನ ಮೂರನೆಯ ಮನೆಗೆ ಕೇಳಿಸುತ್ತಿತ್ತು. ಆದರೆ ಸಾಲಿನಲ್ಲಿ ಯಾರಾದರೂ ಒಂದು ಸಲ ಸೀನಿದರೆ ಸಾಕು, “ಏಳು, ಏಳು, ನೆಗಡಿ ಆದವರಿಗೆ ಎಣ್ಣೆ ಇಲ್ಲ” ಎಂದು ಎಬ್ಬಿಸಿ ಕಳಿಸುತ್ತಿದ್ದರು. ಹಿಂದಿನ ದಿನ ಮದುವೆ ಊಟ ಹೆಚ್ಚಾಗಿ ಹೊಟ್ಟೆ ಭಾರವಾದವರಿಗೂ ಅದೇ ಶಿಕ್ಷೆ, ನಮ್ಮ ಲೆಕ್ಕದಲ್ಲಿ ಬಿಡುಗಡೆ. ಎಷ್ಟೋ ಸೀನುಗಳು ಬರಿಸಿಕೊಂಡವು. ದೊಡ್ಡವಳಾದ ಮೇಲೆ ವಾಗ್ಭಟನ ಅಷ್ಟಾಂಗಹೃದಯದ ಕನ್ನಡ ಅನುವಾದ ನೋಡುವಾಗ ದಿನಚರ್ಯೆಯ ಅಧ್ಯಾಯದಲ್ಲಿ ಅತ್ತೆಯ ಕಾರ್ಯಕ್ರಮಪಟ್ಟಿಯೇ ಎದುರಾಯಿತು. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ. ಕಫ ಹೆಚ್ಚಿದವರಿಗೆ, ಅಜೀರ್ಣವಾದವರಿಗೆ ಬೇಡ. ವಾಗ್ಭಟ ಎಣ್ಣೆಯ ಗುಣಗಾನ ಮಾಡಿದ ಉಸಿರಿನಲ್ಲೇ ಯಾರಿಗೆ ಕೂಡದು ಎಂದೂ ಹೇಳಿ ಮುಗಿಸುತ್ತಾನೆ. ಈ ಎರಡನೆಯ ಅರ್ಧವನ್ನು ಸೀಸೆಯ ಮೇಲಿನ ಚೀಟಿಯಲ್ಲಿ ಹುಡುಕಿದರೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಸಿಕ್ಕರೆ ಸಿಕ್ಕೀತು.

ಸೀಗೆಯನ್ನು ಹಿರಿಯರು ಸುಮ್ಮನೆ ಹೊಗಳುತ್ತಿರಲಿಲ್ಲ. ನಮ್ಮ ಚರ್ಮದ ಮೇಲ್ಮೈ ಸ್ವಭಾವತಃ ತುಸು ಹುಳಿ. ಅದರ ಪಿಎಚ್ ಸುಮಾರು 5. ಸಾಂಪ್ರದಾಯಿಕ ಸೋಪಿನದು 9ರಿಂದ 10. ತೊಳೆದ ಮೇಲೆ ಮುಖ ಬಿಗಿದಂತೆ ಆಗುವುದಕ್ಕೆ ಈ ಅಂತರ ಒಂದು ಕಾರಣ. ಸೀಗೆಕಾಯಿಯಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಅಂಶವಿದೆ, ಕ್ಷಾರವಿಲ್ಲ. ಆದರೆ ಸೀಗೆಯನ್ನೂ ಅತ್ತೆ ಎಣ್ಣೆ ಹಚ್ಚದ ಮೈಗೆ ಹಚ್ಚುತ್ತಿರಲಿಲ್ಲ. ಬರಿಮೈಗೆ ಅದು ಒರಟು. ಎಣ್ಣೆಗೆ ಸೀಗೆ, ಸೀಗೆಗೆ ಎಣ್ಣೆ. ಒಂದರ ಅತಿಯನ್ನು ಇನ್ನೊಂದು ತಡೆಯುವ ಏರ್ಪಾಡು ಅದು.

ಬೇವಿನ ವಿಷಯಕ್ಕೆ ಬಂದರೆ ಅದು ಅಂಗಳದ ವೈದ್ಯ. ಮಕ್ಕಳಿಗೆ ಅಮ್ಮ ಆದಾಗ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಹಾಸಿಗೆಯಲ್ಲೂ ಹಾಸಿ, ತುರಿಕೆ ತಾಳದಾಗ ಅದೇ ಸೊಪ್ಪಿನ ಟೊಂಗೆಯಿಂದ ಮೆಲ್ಲಗೆ ಸವರುತ್ತಿದ್ದರು. ಉಗುರಿನಿಂದ ಕೆರೆದರೆ ಕಲೆ ಉಳಿಯುತ್ತದೆ, ಸೊಪ್ಪಿನಿಂದ ಉಳಿಯುವುದಿಲ್ಲ. ಕಜ್ಜಿಗೆ ಬೇವು ಅರಿಶಿನ ಅರೆದು ಹಚ್ಚುವ ಮದ್ದನ್ನು ಭಾರತದಲ್ಲಿ 814 ಜನರ ಮೇಲೆ ನೋಡಿದ ಆರಂಭಿಕ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. 3ರಿಂದ 15 ದಿನಗಳಲ್ಲಿ ಶೇಕಡಾ 97ರಷ್ಟು ಮಂದಿಗೆ ವಾಸಿಯಾಯಿತೆಂದು ಅದರ ವರದಿ. ಸಿಕ್ಕಾಪಟ್ಟೆ ಅಗ್ಗದ ಮದ್ದು. ಆದ್ದರಿಂದಲೋ ಏನೋ ಇದಕ್ಕೆ ಸಿನಿಮಾ ನಟಿಯರ ಜಾಹೀರಾತು ಬರಲಿಲ್ಲ. ಕಜ್ಜಿ ಗುಣವಾದ ಕೆನ್ನೆ ಯಾವ ಪರದೆಯ ಮೇಲೂ ಮಿನುಗುವುದಿಲ್ಲವಲ್ಲ. ನಮ್ಮ ಹಳೆಯ ಮದ್ದುಗಳ ದೊಡ್ಡ ಪಾಲು ಹೀಗೆ ತುರಿಕೆ, ಕಜ್ಜಿ, ಹುಣ್ಣುಗಳ ಕಡೆಗಿತ್ತು. ಮಾರುಕಟ್ಟೆಯ ಗಮನ ಮಾತ್ರ ಬಣ್ಣದ ಕಡೆಗೆ.

ಈಗ ಅಂಗಡಿಯವರು ಕೊಡಲೊಲ್ಲದ ಆ ಎರಡು. ಒಂದು ಕರಿಗೇರು, ಮತ್ತೊಂದು ಬಾವಂಚಿ ಬೀಜ.

ಗೋಡಂಬಿಯ ನೆಂಟನಾದ ಕರಿಗೇರನ್ನು ಸಂಸ್ಕೃತದಲ್ಲಿ ಭಲ್ಲಾತಕ ಎನ್ನುತ್ತಾರೆ. ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕುತ್ತಿದ್ದುದು ಇದರ ಕಪ್ಪು ರಸದಿಂದ. ಬಟ್ಟೆಯ ಮೇಲೆ ಗುರುತು, ಮೈಮೇಲೆ ಬೊಬ್ಬೆ. ಸೋಕಿದರೆ ಚರ್ಮ ಉರಿದು ಊದಿಕೊಳ್ಳುತ್ತದೆ. ಇಷ್ಟಾಗಿ ಚರಕನ ಕುಷ್ಠಘ್ನ ಪಟ್ಟಿಯಲ್ಲಿ, ಅಂದರೆ ಚರ್ಮರೋಗ ಕಳೆಯುವ ಹತ್ತರಲ್ಲಿ, ಇದೂ ಕೂತಿದೆ. ಅದರ ಪಕ್ಕದಲ್ಲಿ ವಿಷದ ಕಣಗಿಲೆಯೂ ಇದೆ. ವೈದ್ಯರು ಕರಿಗೇರನ್ನು ಶುದ್ಧಿ ಮಾಡದೆ ಮುಟ್ಟುವುದಿಲ್ಲ. ಇದೇ ಕುಟುಂಬದ ಚೇರುಮರ ಕೇರಳದ ಕಾಡುಗಳಲ್ಲಿದೆ. ಅದರಿಂದ ಮೈ ಊದಿಕೊಂಡವರು ತಾರೆಮರಕ್ಕೆ ಸುತ್ತು ಬಂದು, ಅವನು ಮಾಡಿದ್ದನ್ನು ನೀನು ಕ್ಷಮಿಸು ಎಂಬರ್ಥದಲ್ಲಿ ಬೇಡಿಕೊಳ್ಳುವ ರೂಢಿ ಅಲ್ಲಿದೆ. ಮರ ಮುನಿಯಬಲ್ಲದು ಎಂದು ನಂಬಿದ ಜನ ಕಾಡಿನಲ್ಲಿ ಕೈಕಾಲು ನೋಡಿಕೊಂಡು ಓಡಾಡುತ್ತಾರೆ. ಗಿಡವೆಂದರೆ ಸಾಧುಪ್ರಾಣಿ ಎಂದುಕೊಂಡವರು ಎಡವುತ್ತಾರೆ.

ಚರಕನ ಅದೇ ಪಟ್ಟಿಯಲ್ಲಿರುವ ಸಪ್ತಪರ್ಣವನ್ನು, ಅಂದರೆ ಪಾಲೆಮರವನ್ನು, ತುಳುನಾಡು ಇನ್ನೂ ಜಾಣತನದಿಂದ ಬಳಸುತ್ತದೆ. ಆಟಿ ಅಮಾವಾಸ್ಯೆಯ ದಿನ, ಸೂರ್ಯ ಹುಟ್ಟುವ ಮುಂಚೆ, ಲೋಹ ತಾಗಿಸದೆ ಕಲ್ಲಿನಿಂದ ಜಜ್ಜಿ ಪಾಲೆಮರದ ತೊಗಟೆ ತೆಗೆಯುತ್ತಾರೆ. ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ರಸಕ್ಕೆ ಕಾಸಿದ ಬಿಳಿಕಲ್ಲು ಮುಳುಗಿಸಿ ಬರಿಹೊಟ್ಟೆಯಲ್ಲಿ ಒಂದಿಷ್ಟು ಕುಡಿಯುತ್ತಾರೆ. ಹಿಂದೆಯೇ ತಂಪಿಗೆ ಮೆಂತೆಗಂಜಿ. ವಿಧಿಯ ಒಂದೊಂದು ಗಂಟಿನ ಹಿಂದಿನ ಕಾರಣ ಏನೇ ಇರಲಿ, ಒಟ್ಟು ಪರಿಣಾಮವಂತೂ ನಿಚ್ಚಳ: ಕಹಿಯಾದ, ಖಡಕ್ಕಾದ ಮದ್ದನ್ನು ವರ್ಷಕ್ಕೊಂದೇ ದಿನ, ಮರದ ಗುರುತು ಬಲ್ಲ ಹಿರಿಯರ ಕೈಯಿಂದ. ಕತ್ತಲಲ್ಲಿ ಬೇರೆ ಮರದ ತೊಗಟೆ ತಂದು ಜೀವಕ್ಕೆ ಕುತ್ತಾದ ಸುದ್ದಿಗಳೂ ಇರುವುದರಿಂದ ಹಿಂದಿನ ದಿನವೇ ಮರ ನೋಡಿ ಗುರುತು ಹಾಕಿ ಬರುವವರಿದ್ದಾರೆ.

ಬಾವಂಚಿಯ ಕಥೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದ ಬಾಕುಚಿ ಇದೇ. ತೊನ್ನಿಗೆ ಈ ಬೀಜ ನಮ್ಮಲ್ಲಿ ಬಹು ಹಳೆಯ ಮದ್ದು. ಮದ್ದು ಕೊಟ್ಟು ರೋಗಿಯನ್ನು ಬಿಸಿಲಿನಲ್ಲಿ ಕೂರಿಸುವ ಕ್ರಮ ಚರಕನ ತೊನ್ನಿನ ಚಿಕಿತ್ಸೆಯಲ್ಲೇ ಇದೆ. ಬೀಜದಲ್ಲಿರುವ ಸೊರಾಲೆನ್ ಎಂಬ ಅಂಶ ಸೂರ್ಯನ ಅತಿನೇರಳೆ ಕಿರಣಕ್ಕೆ ಚರ್ಮವನ್ನು ಬಹಳ ಸೂಕ್ಷ್ಮವಾಗಿಸುತ್ತದೆ. ಹದ ತಪ್ಪದಿದ್ದರೆ ಬಣ್ಣ ಮರಳಬಹುದು, ತಪ್ಪಿದರೆ ಬೊಬ್ಬೆ ಖಂಡಿತ. ಈಜಿಪ್ಟಿನವರು ಬೇರೊಂದು ಗಿಡದಿಂದ ಇದೇ ಉಪಾಯ ಕಂಡುಕೊಂಡಿದ್ದರು. 1974ರಲ್ಲಿ ಅಮೆರಿಕದ ವೈದ್ಯರು ಸೊರಾಲೆನ್ ಮಾತ್ರೆ ಮತ್ತು ಅಳತೆಯ ಕಿರಣ ಸೇರಿಸಿ ಸೋರಿಯಾಸಿಸ್‌ಗೆ ಕೊಟ್ಟ ಚಿಕಿತ್ಸೆ ಪುವಾ ಎಂದು ಹೆಸರಾಯಿತು. ಬಿಸಿಲಿಗೆ ಬದಲು ದೀಪ, ಅಂದಾಜಿಗೆ ಬದಲು ಗಡಿಯಾರ.

ಅದೇ ಬೀಜದಿಂದ ಭಾರತೀಯ ರಸಾಯನಶಾಸ್ತ್ರಜ್ಞರು 1966ರಲ್ಲಿ ಬಾಕುಚಿಯಾಲ್ ಎಂಬ ಬೇರೊಂದು ವಸ್ತುವನ್ನು ಬಿಡಿಸಿದರು. ಅದೀಗ ಮಗಳ ಹಲಗೆಯ ಮೇಲಿದೆ. 2019ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಪತ್ರಿಕೆಯಲ್ಲಿ ಬಂದ ಒಂದು ಪರೀಕ್ಷೆಯಲ್ಲಿ 44 ಜನರಿಗೆ 12 ವಾರ, ಕೆಲವರಿಗೆ ಬಾಕುಚಿಯಾಲ್, ಕೆಲವರಿಗೆ ರೆಟಿನಾಲ್ ಕೊಟ್ಟು ನೋಡಿದ್ದರು. ಸುಕ್ಕು, ಕಪ್ಪುಕಲೆ ಎರಡರಿಂದಲೂ ಕಮ್ಮಿಯಾದವು; ಹೊಟ್ಟು ಏಳುವುದು, ಉರಿಯುವುದು ರೆಟಿನಾಲಿನವರಿಗೆ ಹೆಚ್ಚು. 44 ಜನ ಅಂದರೆ ನಮ್ಮ ಕಡೆ ಒಂದು ನಾಮಕರಣಕ್ಕೂ ಸಾಲದ ಸಂಖ್ಯೆ. ಆದರೂ ಮಗಳಿಗೆ ಈ ಸುದ್ದಿ ಹೇಳಿದಾಗ ಅವಳು, “ಅಮ್ಮಾ, ಬಾಕುಚಿಯಾಲ್ ಕೊರಿಯಾದ್ದು ಅಂದ್ಕೊಂಡಿದ್ದೆ!” ಎಂದಳು. ಮಾರನೆಯ ದಿನ ಬಾವಂಚಿ ಬೀಜವನ್ನೇ ತಂದು ಅರೆದು ಹಚ್ಚಿಕೊಳ್ಳುವ ಉತ್ಸಾಹ ತೋರಿಸಿದಳು. ಅಲ್ಲಿ ಬಾಗಿಲಿಗೆ ಅಡ್ಡ ನಿಂತೆ. ಸೀಸೆಯಲ್ಲಿರುವುದು ಬೀಜದ ಸಮಾಧಾನದ ಅಂಶ. ಬೀಜದೊಳಗೆ ಅದರ ಸಿಟ್ಟೂ ಇದೆ.

ಈ ಸಿಟ್ಟಿನ ನೆಂಟಸ್ತಿಕೆ ನಿಂಬೆಹಣ್ಣಿನ ಸಿಪ್ಪೆಯಲ್ಲೂ ಇದೆ. ಮೊಡವೆಯ ಕಲೆಗೆಂದು ನಿಂಬೆ ಉಜ್ಜಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಸ್ಕೂಟರ್ ಏರಿದ ಪರಿಚಯದ ಹುಡುಗಿಯೊಬ್ಬಳು ಮೂಲಕಲೆಗಿಂತ ದೊಡ್ಡ ಕಲೆ ಸಂಪಾದಿಸಿದಳು. ಅವಳ ಅಜ್ಜಿ ನಿಂಬೆಹೋಳನ್ನು ಮೊಣಕೈಗೂ ಹಿಮ್ಮಡಿಗೂ ಉಜ್ಜಿ, ಉಜ್ಜಿದ ಬೆನ್ನಿಗೇ ನೀರು ಹುಯ್ಯುತ್ತಿದ್ದವರು. ಹೋಳು ಅದೇ. ಜಾಗ ಬೇರೆ, ಹೊತ್ತು ಬೇರೆ, ತೊಳೆಯುವ ಅವಸರವೂ ಬೇರೆ.

ಶ್ರೀಗಂಧದ ಮಾತೆತ್ತದೆ ಕನ್ನಡ ನಾಡಿನಲ್ಲಿ ಚರ್ಮದ ಮಾತು ಮುಗಿಸಲು ಬರುವುದಿಲ್ಲ. ಅದು ವರ್ಣ್ಯದಲ್ಲೂ ಇದೆ, ಕಂಡೂಘ್ನದಲ್ಲೂ ಇದೆ. ಎರಡೂ ಗುಂಪಿನಲ್ಲಿ ಮೊದಲ ಹೆಸರು ಅದರದೇ. ಆದರೆ 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ ಆಸ್ತಿಯಾಯಿತು. ಬೆಳೆದವನಿಗೇ ಮರದ ಒಡೆತನ ಸಿಕ್ಕಿದ್ದು 2001ರ ತಿದ್ದುಪಡಿಯಿಂದ. ನಡುವೆ ಮೊದಲ ಮಹಾಯುದ್ಧದ ಕಾಲಕ್ಕೆ ಮರ ಯುರೋಪಿಗೆ ಹೋಗುವುದು ನಿಂತು, ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಗಿ, ಅದರ ಬೆನ್ನಿಗೆ ಸೋಪು ಬಂತು. ಹೀಗಾಗಿ ಸಾಮಾನ್ಯರಿಗೆ ಗಂಧ ಸಿಕ್ಕಿದ್ದು ದೇವರ ಮನೆಯ ಸಾಣೆಕಲ್ಲಿನ ಮೇಲೆ ಒಂದು ಬೆರಳಷ್ಟು, ಬಚ್ಚಲಿನಲ್ಲಿ ಒಂದು ಬಿಲ್ಲೆಯಷ್ಟು. ಬೆವರುಸಾಲೆಗೆ ಆ ಒಂದು ಬೆರಳು ಸಾಕಾಗುತ್ತಿತ್ತು. ಯಾವುದನ್ನಾದರೂ ಹದವಾಗಿ ಬಳಸಲು ಶಾಸ್ತ್ರಜ್ಞಾನದಷ್ಟೇ ಬಡತನವೂ ಕಲಿಸಿಕೊಡುತ್ತದೆ.

ಬಡತನ ಬೇಡ, ಹದ ಬೇಕು ಅನ್ನುವವರಿಗೆ ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಹೆಸರು ಶತಧೌತ ಘೃತ. ತಾಮ್ರದ ಪಾತ್ರೆಯಲ್ಲಿ ಹಸುವಿನ ತುಪ್ಪ ಹಾಕಿ, ತಣ್ಣೀರು ಹುಯ್ದು ಅಂಗೈಯಿಂದ ತಿಕ್ಕಿ, ನೀರು ಬಸಿದು, ಮತ್ತೆ ಹೊಸ ನೀರು ಹುಯ್ಯಬೇಕು. ಹೀಗೆ ನೂರು ಸಲ. ತೊಳೆಯುತ್ತ ಹೋದಂತೆ ತುಪ್ಪ ತನ್ನ ಹಳದಿಯನ್ನೂ ವಾಸನೆಯನ್ನೂ ಬಿಟ್ಟು, ಬೆಳ್ಳಗೆ ನುಣ್ಣಗೆ ಕೆನೆಯಾಗುತ್ತದೆ. ಉರಿ, ಒಡಕು, ಒಣಗಿದ ಚರ್ಮಕ್ಕೆ ಇದನ್ನು ಹಚ್ಚುವುದು. ಇದರಲ್ಲಿ ಮೂಲಿಕೆಯೇ ಇಲ್ಲ, ತುಪ್ಪ ಮತ್ತು ನೀರು ಮಾತ್ರ. ಉಳಿದದ್ದು ತೋಳಿನ ಶ್ರಮ. ನಮ್ಮ ಯಜಮಾನರಿಗೆ ಈ ವಿಧಾನ ವಿವರಿಸಿದಾಗ ನೂರು ಎಂಬಲ್ಲಿಗೆ ಬರುವಷ್ಟರಲ್ಲಿ ಅವರು ಪೇಟೆಗೆ ಹೊರಟಿದ್ದರು.

ಇಷ್ಟೆಲ್ಲ ಹೇಳಿದ್ದು ಬಾಟಲಿಯವರ ಮೇಲೆ ಮುನಿಸಿನಿಂದಲ್ಲ. ಗಿಡಮೂಲಿಕೆಯಿಂದ ಏನೂ ಕೆಡುಕಿಲ್ಲ ಎಂಬ ಭರವಸೆಯ ಮೇಲೆ ಮಾತ್ರ ನನಗೆ ತಕರಾರು. ಕೆಡುಕೇ ಮಾಡಲಾರದ್ದು ಒಳಿತನ್ನು ಎಲ್ಲಿಂದ ಮಾಡೀತು? ಅರಿಶಿನ ಒಗ್ಗದೆ ಮುಖ ಕೆಂಪಾಗುವವರಿದ್ದಾರೆ, ಕುಂಕುಮ ಇಟ್ಟ ಜಾಗ ಕಪ್ಪಾಗಿ ತುರಿಸುವವರಿದ್ದಾರೆ. ಹೊಸ ಲೇಪವನ್ನು ಮುಖಕ್ಕೆ ಒಯ್ಯುವ ಮುಂಚೆ ಮೊಣಕೈಯ ಒಳಬದಿಗೆ ಚೂರು ಹಚ್ಚಿ ಒಂದೆರಡು ದಿನ ನೋಡುವುದು ಒಳ್ಳೆಯದು. ಮಚ್ಚೆ ಬೆಳೆದರೆ, ಹುಣ್ಣು ಮಾಯದಿದ್ದರೆ, ಬಿಳಿಕಲೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಸಾಣೆಕಲ್ಲು ಬದಿಗಿಟ್ಟು ವೈದ್ಯರಲ್ಲಿಗೆ ನಡೆಯಬೇಕು.

ಅಲ್ಲಿ ಡಾಕ್ಟರು ಮೊದಲು ಕೇಳುವುದು, “ಏನಾದರೂ ಔಷಧಿ ಹಚ್ಚಿದ್ರಾ?” ಎಂದು. “ಏನೂ ಇಲ್ಲ ಸಾರ್, ಮನೇಲಿ ಅರಿಶಿನ ಬೇವು ಹಚ್ಚಿದ್ವಿ ಅಷ್ಟೆ” ಎನ್ನುತ್ತೇವೆ ನಾವು. ಚರಕ ತನ್ನ ಪಟ್ಟಿಯಲ್ಲಿ ಜಾಗ ಕೊಟ್ಟದ್ದನ್ನು, ದೇಶ ಅಮೆರಿಕದವರೆಗೆ ಹೋಗಿ ಬಿಡಿಸಿಕೊಂಡು ಬಂದದ್ದನ್ನು, ನಾವು ಡಾಕ್ಟರ ಮೇಜಿನ ಮುಂದೆ ಔಷಧಿಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಮುಂದಿನ ಸಲ ಕೇಳಿದಾಗ ಎಲ್ಲಕ್ಕಿಂತ ಮೊದಲು ಅದರ ಹೆಸರು ಹೇಳಿ. ಯಾವಾಗ ಹಚ್ಚಿದಿರಿ, ಎಷ್ಟು ಹಚ್ಚಿದಿರಿ, ಎಷ್ಟು ಹೊತ್ತು ಬಿಟ್ಟಿರಿ ಎಂಬುದನ್ನೂ ಹೇಳಿ. ಮಾತ್ರೆಗೆ ಕೊಡುವ ಮರ್ಯಾದೆ ಅರಿಶಿನಕ್ಕೂ ಸಲ್ಲಲಿ.